ನಾಲ್ಕನೆಯ "ಇದ್ದೀನಿ"

ಒಂದು ನಿಮಿಷ ಟಿವಿ ಸೌಂಡ್ ಕಡಿಮೆ ಮಾಡಿ ಓದಿ... ಇದು ಕಿವಿಗೊಟ್ಟು ಓದಬೇಕಾದ ಕಥೆ.

ಅದೊಂದು ಬೆಟ್ಟದ ಮೇಲಿನ ಊರು. ಬಸ್ಸು ಕೊನೆಯ ತಿರುವಿನಲ್ಲೇ ನಿಂತುಬಿಡುತ್ತದೆ. ಫೈರ್ ಇಂಜಿನ್ ಕೂಡ ಅಷ್ಟೇ... ಅಲ್ಲಿಂದ ಮೇಲಕ್ಕೆ ಬರೀ ಕಾಲುದಾರಿ.

ಬೇಸಿಗೆ ಬಂತೆಂದರೆ ಲಂಟಾನದ ಪೊದೆಗಳು ಒಣಗಿ ಗರಿಗರಿಯಾಗುತ್ತವೆ. ಯಾರೋ ಎಸೆದ ಒಂದು ಬೀಡಿ ತುಂಡು ಸಾಕು, ಗುಡ್ಡಕ್ಕೆ ಗುಡ್ಡವೇ ಹೊತ್ತಿಕೊಳ್ಳುತ್ತದೆ.

ಕೆಳಗಿನಿಂದ ಯಾರೂ ಬರುವುದಿಲ್ಲ ಅಂತ ಖಾತ್ರಿಯಾದ ಮೇಲೆ ಊರವರೇ ಒಂದು ಬೆಂಕಿ ಪಡೆ ಕಟ್ಟಿಕೊಂಡರು. ಸಂಬಳ ಇಲ್ಲ, ಯೂನಿಫಾರ್ಮ್ ಇಲ್ಲ... ಐದು ಜನ, ಕೈಗೊಂದು ಮಚ್ಚು, ಹಸಿ ಸೊಪ್ಪಿನ ಕೊಂಬೆ. ಅವರ ಲೀಡರ್ ಕೇತೇಗೌಡ.

ಬೆಂಕಿ ಬರುವ ದಾರಿಗೆ ಅಡ್ಡಲಾಗಿ ಅವರು ಪೊದೆ ಸವರಿ ಒಂದು ಬೋಳು ಗೆರೆ ಮಾಡುತ್ತಿದ್ದರು. ಆಮೇಲೆ ಆ ಗೆರೆಯಿಂದ ತಾವೇ ಎದುರು ಬೆಂಕಿ ಹಚ್ಚುತ್ತಿದ್ದರು. ಎರಡು ಬೆಂಕಿಗಳೂ ಎದುರುಬದುರಾಗಿ, ತಿನ್ನಲು ಏನೂ ಸಿಗದೆ ಆರಿಹೋಗುತ್ತಿದ್ದವು.

ಆದರೆ ಕಡ್ಡಿ ಗೀರುವ ಮೊದಲು ತಮ್ಮವರೆಲ್ಲ ಗೆರೆಯ ಈಚೆಗೆ ಇರಬೇಕು... ಹೊಗೆಯಲ್ಲಿ ಪಕ್ಕದವನ ಮುಖವೂ ಕಾಣುವುದಿಲ್ಲ.

ಅದಕ್ಕೇ ಕೇತೇಗೌಡ ಕೂಗುತ್ತಿದ್ದ, "ಇದ್ದೀರೇನ್ರೋ?"

ಸಾಲಿನಲ್ಲಿ ನಿಂತ ನಾಲ್ವರೂ ಒಬ್ಬರಾದ ಮೇಲೆ ಒಬ್ಬರು "ಇದ್ದೀನಿ" ಅನ್ನಬೇಕು. ನಾಲ್ಕು ದನಿ ಕೇಳಿದರೆ ಮಾತ್ರ ಕಡ್ಡಿ.

ಸಾಲಿನ ಕೊನೆಯಲ್ಲಿ, ಕೂಗುಬಂಡೆಯ ಪಕ್ಕದಲ್ಲಿ, ಯಾವಾಗಲೂ ಅವನ ಗೆಳೆಯ ಬೊಮ್ಮಯ್ಯ. ಊರಿನ ಮಕ್ಕಳು ಆ ಬಂಡೆಯ ಮುಂದೆ ನಿಂತು ತಮ್ಮ ತಮ್ಮ ಹೆಸರು ಕೂಗುತ್ತಿದ್ದರು. ಬಂಡೆ ಅದನ್ನೇ ತಿರುಗಿ ಹೇಳುತ್ತಿತ್ತು.

ಹೋದ ಬೇಸಿಗೆಯ ಬೆಂಕಿಯಲ್ಲಿ ಅವನು ಕೂಗಿದಾಗ ಮೂರು ದನಿ ಬಂತು. ಆಮೇಲೆ ಬಂಡೆಯ ಕಡೆಯಿಂದ ನಾಲ್ಕನೆಯದು... "ಇದ್ದೀನಿ."

ಕೇತೇಗೌಡ ಕಡ್ಡಿ ಗೀರಿದ.

ಬೆಂಕಿ ನಿಂತಿತು. ಬೊಮ್ಮಯ್ಯ ಬರಲಿಲ್ಲ.

ಪೊದೆಯಲ್ಲಿ ಸಿಕ್ಕಿಕೊಂಡಿದ್ದ ಯಾರದೋ ಕರು ಬಿಡಿಸಲು ಅವನು ಗೆರೆ ದಾಟಿ ಹೋಗಿದ್ದ.

ಹಾಗಾದರೆ "ಇದ್ದೀನಿ" ಅಂದವರು ಯಾರು?

ಹೆಣದ ಮುಂದೆ ಕುಳಿತಾಗ ಕೇತೇಗೌಡನಿಗೆ ಹೊಳೆಯಿತು. ಅದು ಬಂಡೆಗೆ ಹತ್ತಿರ ನಿಂತಿದ್ದ ಮೂರನೆಯವನ ದನಿ... ಬಂಡೆಗೆ ಬಡಿದು ವಾಪಸ್ ಬಂದದ್ದು! ಅವನು ಯಾರ ಮುಂದೆಯೂ ಬಾಯಿ ಬಿಡಲಿಲ್ಲ.

ಊರವರು "ಹಣೆಬರಹ" ಅಂದು ಕಣ್ಣೊರೆಸಿಕೊಂಡರು. ಬೊಮ್ಮಯ್ಯನ ಹೆಂಡತಿ ಕುಂಬಮ್ಮ ಮಾತ್ರ ಏನೂ ಅನ್ನಲಿಲ್ಲ. ಅವಳ ಆ ಮೌನವೇ ಅವನನ್ನು ಒಳಗೊಳಗೇ ತಿನ್ನತೊಡಗಿತು.

ಅಂದಿನಿಂದ ಅವನು ಬೆಂಕಿಪೊಟ್ಟಣ ಮುಟ್ಟಲಿಲ್ಲ. ಬೀಡಿ ಬಿಟ್ಟ. ಒಲೆ ಉರಿಯುವಾಗ ಅಡುಗೆಮನೆ ಕಡೆ ತಲೆ ಹಾಕುತ್ತಿರಲಿಲ್ಲ. ಬೆಂಕಿ ಪಡೆ ಹೆಸರಿಗಷ್ಟೇ ಉಳಿಯಿತು.

ಈ ವರ್ಷ ಗುಡ್ಡ ಮತ್ತೆ ಹೊತ್ತಿಕೊಂಡಿತು. ಗಾಳಿ ಊರಿನ ಕಡೆಗೇ ಬೀಸುತ್ತಿತ್ತು. ಉಳಿದ ಮೂವರು ಬಂದು ಕರೆದರೆ ಕೇತೇಗೌಡ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟ.

"ನನ್ ಕೈಲಾಗಕಿಲ್ಲ ಕಣ್ರಪ್ಪ... ನನ್ ನಂಬ್ಬೇಡಿ, ಎಲ್ರೂ ಕೆಳಕ್ಕೆ ಇಳ್ಕಳಿ."

ಅವರು ತಲೆ ತಗ್ಗಿಸಿ ಹೋದರು. ಆಮೇಲೆ ಬಾಗಿಲಲ್ಲಿ ಇನ್ನೊಂದು ನೆರಳು ಬಿತ್ತು... ಕುಂಬಮ್ಮ. ಸೆರಗನ್ನು ಸೊಂಟಕ್ಕೆ ಬಿಗಿದಿದ್ದಳು. ಕೈಯಲ್ಲಿ ಗಂಡನ ಮಚ್ಚು.

"ಏಳಣ್ಣ."

"ಯಾವ ಮೊಕ ಇಟ್ಕಂಡು ಬರ್ಲವ್ವ..."

"ನಾ ನಿನ್ನ ಮನ್ನಿಸಕ್ಕೆ ಬಂದಿಲ್ಲ. ಎದ್ದು ಓಡಾಡಕ್ಕಾಗ್ದೆ ಇರೋ ಮುದುಕ್ರವ್ರೆ, ಹಸಿ ಬಾಣಂತಿ ಅವ್ಳೆ... ಅವ್ರು ಎಲ್ಲಿಗೆ ಇಳ್ದಾರು? ನಮ್ಮೋರ ಜಾಗ್ದಲ್ಲಿ ನಾ ನಿಂತ್ಕತೀನಿ. ನೀ ಬಂದು ಬೆಂಕಿ ಹಚ್ಚು."

ಅವನು ಎದ್ದ. ಅವಳ ಕಣ್ಣು ನೋಡುವ ಧೈರ್ಯ ಮಾತ್ರ ಬರಲಿಲ್ಲ.

ಗೆರೆ ಸವರಿ ಮುಗಿಸುವಷ್ಟರಲ್ಲಿ ಹೊಗೆ ಎಲ್ಲರನ್ನೂ ನುಂಗಿತ್ತು.

"ಇದ್ದೀರೇನ್ರೋ?"

"ಇದ್ದೀನಿ."... "ಇದ್ದೀನಿ."... "ಇದ್ದೀನಿ."

ಆಮೇಲೆ ಬಂಡೆಯ ಕಡೆಯಿಂದ... "ಇದ್ದೀನಿ."

ಹೆಂಗಸಿನ ದನಿಯೇ. ಆದರೂ ಅವನು ತನ್ನ ಕಿವಿಯನ್ನೇ ನಂಬದಾದ. ಬೆಂಕಿಪೊಟ್ಟಣ ಕೈಜಾರಿ ಕೆಳಗೆ ಬಿತ್ತು.

ಮತ್ತೆ ಕೂಗಿದ. ಮತ್ತೆ ನಾಲ್ಕು ದನಿ ಬಂತು. ಬೆಂಕಿಯ ಕಾವು ಮುಖಕ್ಕೇ ಹೊಡೆಯುತ್ತಿತ್ತು. "ಹಚ್ಚಣ್ಣ, ಹಚ್ಚು!" ಅಂತ ಉಳಿದವರು ಅರಚುತ್ತಿದ್ದರು. ಅವನಿಗೆ ಆಗಲಿಲ್ಲ... ಮಗುವಿನ ಹಾಗೆ ನಿಂತಲ್ಲೇ ಅಳತೊಡಗಿದ.

ಆಗ ಹೊಗೆಯೊಳಗಿನಿಂದ ಆ ಕೂಗು ಬಂತು...

"ಬಂಡೆ ಅಲ್ಲ ಕಣಣ್ಣ... ನಾನು! ಕುಂಬಿ! ಗೆರೆ ಈಚೆಗೇ ಇದ್ದೀನಿ... ಹಚ್ಚು!"

ಅಯ್ಯೋ... ಅವಳಿಗೆ ಗೊತ್ತಿತ್ತು!

ಅವನು ತಡಕಾಡಿ ಬೆಂಕಿಪೊಟ್ಟಣ ಎತ್ತಿಕೊಂಡ. ಕಡ್ಡಿ ಗೀರಿದ.

ಊರು ಉಳಿಯಿತು. ಬಂಡೆಯಿಂದ ಮೇಲಕ್ಕೆ ಮಾತ್ರ ಒಂದು ಹಸಿರೆಲೆಯೂ ಉಳಿಯಲಿಲ್ಲ. ಕೇತೇಗೌಡ, ಕುಂಬಮ್ಮ ಇಬ್ಬರೂ ಆ ಕರಿ ಬೂದಿಯಲ್ಲೇ ಕುಸಿದು ಕುಳಿತರು.

"ಯಾವಾಗಿಂದ ಗೊತ್ತವ್ವ ನಿಂಗೆ?"

"ಅವತ್ತೇಯ. ನೀರಿನ ಬಿಂದಿಗೆ ಇಟ್ಕಂಡು ಕೆಳಗೆ ನಿಂತಿದ್ದೆ. ಅದು ನಮ್ಮೋರ ದನಿ ಅಲ್ವಲ್ಲ ಅನ್ನುಸ್ತು... ಅವ್ರದೇ ಇರ್ಬೋದೇನೋ ಅಂತ ಸುಮ್ಕಾದೆ." ಅವಳು ಬಂಡೆಯ ಕಡೆ ನೋಡಿದಳು. "ಒಂದ್ ಸಲ ಕೂಗಿ ಕೇಳ್ನಿಲ್ಲ ಕಣಣ್ಣ ನಾನು. ನಿನ್ನ ಹೆಂಗೆ ಮನ್ನಿಸ್ಲಿ? ನನ್ನೇ ನಾ ಮನ್ನಿಸ್ಕಂಡಿಲ್ಲ."

ಇಬ್ಬರೂ ಬಿಕ್ಕಿ ಬಿಕ್ಕಿ ಅತ್ತರು. ಬಂಡೆ ಆ ಅಳುವನ್ನೂ ಹಾಗೇ ತಿರುಗಿ ಹೇಳಿತು. ಬೊಮ್ಮಯ್ಯನ ದನಿ ಮಾತ್ರ ಎಲ್ಲಿಂದಲೂ ಬರಲಿಲ್ಲ.

*

ಇನ್ನೊಂದು ಸಲ ಕೇಳುವುದಕ್ಕೆ ಒಂದು ಉಸಿರು ಸಾಕು... ಕೇಳದೆ ಬಿಟ್ಟದ್ದನ್ನು ಹೊರುವುದಕ್ಕೆ ಇಡೀ ಜನ್ಮ ಸಾಲದು.

ನಿಮ್ಮವರು ಯಾರಾದರೂ "ಚೆನ್ನಾಗಿದ್ದೀನಿ" ಅಂದಾಗ... ನಿಜವಾಗಲೂ ಇದ್ದಾರಾ ಅಂತ ನೀವು ಇನ್ನೊಂದು ಸಲ ಕೇಳಿದ್ದೀರಾ?