ಬಾಗಿಲೆದುರಿನ ಒಂದು ನಿಮಿಷ

ಮನೆ ಮುಂದೆ ಕಾರು ನಿಲ್ಲಿಸಿ ಮಗಳು ಎಂಜಿನ್ ಆಫ್ ಮಾಡಲು ಕೀಲಿಗೆ ಕೈ ಹಾಕಿದಾಗ ಅಮ್ಮ ಅವಳ ಮಣಿಕಟ್ಟು ಹಿಡಿದುಕೊಂಡಳು. "ಇರು. ಮೆಕ್ಯಾನಿಕ್ ಹೇಳಿದ್ದು ಮರೆತ್ಯಾ?"

ಬೆಳಗ್ಗೆ ಅವನು ಎಂಜಿನ್ ಪಕ್ಕದ ಟರ್ಬೊ ಬಿಚ್ಚಿ ತೋರಿಸಿದ್ದ. ಒಂದೇ ಕಂಬಿಯ ಎರಡು ತುದಿಗೆ ಎರಡು ಪುಟ್ಟ ಚಕ್ರ. "ಎಂಜಿನ್ ಬಿಡೋ ಹೊಗೆ ಈ ಚಕ್ರ ತಿರುಗಿಸುತ್ತೆ, ಆಗ ಆ ಚಕ್ರ ಹೊಸ ಗಾಳಿ ಎಳೆದು ಎಂಜಿನ್‌ಗೆ ತುಂಬುತ್ತೆ. ಗಂಡ ಹೆಂಡ್ತಿ ಇದ್ದ ಹಾಗೆ, ಒಬ್ರು ತಿರುಗಿದ್ರೆ ಇನ್ನೊಬ್ರೂ ತಿರುಗ್ಲೇಬೇಕು. ಕಾರು ದೂರದಿಂದ ಬಂದಾಗ ಈ ಟರ್ಬೊ ಕೆಂಡದ ಹಾಗಿರುತ್ತಮ್ಮ. ತಕ್ಷಣ ಆಫ್ ಮಾಡಿದ್ರೆ ಒಳಗಿನ ಎಣ್ಣೆ ನಿಂತಲ್ಲೇ ಸುಡುತ್ತೆ. ಒಂದು ನಿಮಿಷ ಓಡೋಕೆ ಬಿಡಿ. ನಿಮ್ಮ ಯಜಮಾನ್ರು ಒಂದು ದಿನಾನೂ ತಪ್ಪಿಸ್ತಿರಲಿಲ್ಲ."

ಹನ್ನೊಂದು ವರ್ಷ ಅಪ್ಪ ದಿನವೂ ಮನೆ ಮುಂದೆ ಬಂದ ಮೇಲೆ ಹೀಗೆಯೇ ಕಾರಿನಲ್ಲಿ ಕೂತಿರುತ್ತಿದ್ದ. "ಮನೆಗೆ ಬರೋಕೇ ಮನಸ್ಸಿಲ್ಲ ನಿಮ್ಮಪ್ಪನಿಗೆ" ಎನ್ನುತ್ತ, ಬಾಗಿಲಲ್ಲಿ ಕಾದು ನಿಂತ ಅಮ್ಮ ಮುಖ ತಿರುಗಿಸಿ ಒಳಹೋಗುತ್ತಿದ್ದಳು. ಅವನು ತೀರಿಕೊಂಡ ಮೇಲೂ ಆ ಮುನಿಸು ಕರಗಿರಲಿಲ್ಲ.

ಎಂಜಿನ್ ಮೆಲ್ಲಗೆ ಗುನುಗುತ್ತಿತ್ತು. ಗಾಜಿನಾಚೆ ಕಾಣುತ್ತಿದ್ದುದು ಮನೆಯ ಬಾಗಿಲೊಂದೇ.

"ನಿಮಿಷ ಆಯ್ತಮ್ಮ," ಎಂದಳು ಮಗಳು.

"ನೀನು ಹೋಗಿ ಅಲ್ಲಿ ನಾನು ನಿಲ್ತಿದ್ದ ಕಡೆ ನಿಂತ್ಕೋ," ಎಂದಳು ಅಮ್ಮ. "ಅವರಿಗೆ ಹೇಗೆ ಕಾಣ್ತಿದ್ದೆ, ನೋಡ್ತೀನಿ. ಒಳಗೆ ಮಾತ್ರ ಹೋಗಿಬಿಡಬೇಡ."