ಕಂಬಳಿಯ ಗದ್ದುಗೆ

ಒದ್ದೆ ಉಣ್ಣೆಯ ವಾಸನೆ ಬಂದರೆ ನನ್ನ ಕೈ ಈಗಲೂ ತಾನಾಗಿಯೇ ಮುಗಿಯುತ್ತದೆ. ಅಗರಬತ್ತಿಯ ವಾಸನೆಗೆ ಮುಗಿಯುವುದಿಲ್ಲ.

ನಾರಾಯಣಖೇಡ್ ಸಮೀಪದ ನಮ್ಮ ಮನೆಯಲ್ಲಿ ನನ್ನ ಬಾಲ್ಯದ ಒಂದು ಮಧ್ಯಾಹ್ನ ದೊಡ್ಡಪ್ಪ ಹೊಸ ಕಂಬಳಿ ಹಾಸಿ, ಭಂಡಾರದ ಅರಿಶಿನ ಚೆಲ್ಲಿ, ದೇವರಿಗೆ ಗದ್ದುಗೆ ಮಾಡಿದ್ದ. ಅವನಿಗೆ ಮಂತ್ರ ಬರುತ್ತಿರಲಿಲ್ಲ, ಗಂಟಲಿತ್ತು. ಓಣಿಗೆಲ್ಲ ಕೇಳುವಂತೆ ಒದರುತ್ತಿದ್ದ. ಅಷ್ಟರಲ್ಲಿ ಅಂಗಳದಲ್ಲಿ ಕುರಿ ಈದಿತು. ಜಿಟಿಜಿಟಿ ಮಳೆಗೆ ಮರಿ ಗಡಗಡ ನಡುಗುತ್ತಿತ್ತು. ಅಜ್ಜಿ ಒಳಗೆ ಬಂದವಳೇ ಕಾಯಿ, ಹೂವು ಸರಿಸಿ, ಗದ್ದುಗೆಯ ಕಂಬಳಿ ಎಳೆದೊಯ್ದು ಮರಿಗೆ ಸುತ್ತಿದಳು.

"ಗದ್ದಿಗಿ ಕೆಡಿಸಿದೆಲ್ಲ ಯವ್ವಾ, ದೇವರು ಸಿಟ್ಟಾಗ್ತಾನ" ಎಂದ ದೊಡ್ಡಪ್ಪ.

"ನೀ ಇಷ್ಟು ಒದರಿದ್ರೂ ಸಿಟ್ಟಾಗದಾಂವ, ಇದಕ್ಕ ಯಾಕ ಸಿಟ್ಟಾಗ್ತಾನ?" ಎನ್ನುತ್ತ ಅಜ್ಜಿ ಮರಿಯ ಮೂಗು ಒರೆಸಿದಳು.

ದೊಡ್ಡಪ್ಪ ಬರಿ ನೆಲದ ಮುಂದೆ ಮತ್ತೆ ಒದರತೊಡಗಿದ. ನಾನು ಮರಿಯ ಕಡೆ ತಿರುಗಿ ಕೈ ಮುಗಿದೆ.