ಆದರ್ಶ ಸೊಸೆಯ ಎರಡು ಮಾತು

ಮಹಿಳಾ ಸಮಾಜದವರು ಆ ವರ್ಷದ ‘ಆದರ್ಶ ಸೊಸೆ’ ಸನ್ಮಾನಕ್ಕೆ ಅವಳನ್ನು ಆರಿಸಿದ್ದರು. ಹೆಸರು ಸೂಚಿಸಿದವಳು ಅವಳ ನಾದಿನಿಯೇ.

ಹಾಸಿಗೆ ಹಿಡಿದ ಅತ್ತೆಯ ಹೇಲು ಉಚ್ಚೆ ಬಳಿಯುತ್ತ ಅವಳಿಗೆ ಏಳು ವರ್ಷ ಕಳೆದಿತ್ತು. ಈಚೆಗೆ ಮೂರು ಸಲ ನಾದಿನಿಗೆ ಫೋನು ಮಾಡಿ, “ನನ್ನ ಕೈಲಿ ಆಗ್ತಿಲ್ಲ ಕಣಮ್ಮ, ನಿಮ್ಮಮ್ಮನ್ನ ಒಂದು ವಾರ ಕರ್ಕೊಂಡು ಹೋಗು” ಎಂದು ಬೇಡಿಕೊಂಡಿದ್ದಳು. ಮೂರು ಸಲವೂ ಒಂದೇ ಉತ್ತರ: “ನಿಮ್ಮ ಹಾಗೆ ನೋಡ್ಕೊಳ್ಳೋಕೆ ನಮಗೆಲ್ಲಿ ಬರುತ್ತೆ ಅತ್ತಿಗೆ? ನೀವು ದೇವರಂಥೋರು.” ಗಂಡನಿಗೆ ಹೇಳಿದರೆ ಅವನು ಟೀವಿಯ ಸದ್ದು ಹೆಚ್ಚಿಸುತ್ತಿದ್ದ.

ಸನ್ಮಾನದ ದಿನ ಅತ್ತೆಯನ್ನೂ ಗಾಲಿಕುರ್ಚಿಯಲ್ಲಿ ವೇದಿಕೆಗೆ ಕರೆತಂದರು. ಏಪ್ರಿಲ್ ತಿಂಗಳ ಸೆಕೆಯಲ್ಲೂ ಮುದುಕಿಯ ಮೈಮೇಲೆ ತುಂಬುತೋಳಿನ ಸ್ವೆಟರು.

“ಅತ್ತೆ ಮೇಲೆ ಎಷ್ಟು ಕಾಳಜಿ ನೋಡಿ” ಎಂದು ಮೆಚ್ಚಿಕೊಂಡ ಅಧ್ಯಕ್ಷೆ ಅವಳಿಗೆ ಶಾಲು ಹೊದಿಸಿದರು. “ಎರಡು ಮಾತಾಡಮ್ಮ.”

ಮುಂದಿನ ಸಾಲಿನಲ್ಲಿ ನಾದಿನಿ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದಳು. ಗಂಡ ಮೊಬೈಲು ಎತ್ತಿ ವೀಡಿಯೋ ಮಾಡುತ್ತಿದ್ದ.

ಅವಳು ಮೈಕು ಹಿಡಿಯಲಿಲ್ಲ. ಬಗ್ಗಿ, ಅತ್ತೆಯ ಸ್ವೆಟರಿನ ತೋಳನ್ನು ಮೇಲಕ್ಕೆ ಸರಿಸಿದಳು. ಅವಳ ಕೈ ತಾಗಿದ್ದೇ ಮುದುಕಿ ಕಣ್ಣು ಬಿಗಿಯಾಗಿ ಮುಚ್ಚಿ ಮುದುರಿಕೊಂಡಳು. ಮೊಣಕೈವರೆಗೂ ನೀಲಿಗಟ್ಟಿದ ಬಾಸುಂಡೆಗಳು.

ಚಪ್ಪಾಳೆ ನಿಂತಿತು. “ಯಾರಮ್ಮ ಹೊಡೆದಿದ್ದು?” ಅಧ್ಯಕ್ಷೆ ಕೇಳಿದರು.

“ನಾನೇ.”

ಅವಳು ಕೆಳಗಿಳಿದು ಬಂದು, ಶಾಲು ತೆಗೆದು ನಾದಿನಿಯ ಹೆಗಲಿಗೆ ಹೊದಿಸಿದಳು.

“ನಾಲ್ಕನೇ ಸಲ ಕೇಳ್ತಿದ್ದೀನಿ. ನನ್ನ ಕೈಯಲ್ಲೇ ಸಾಯೋಕೆ ಮುಂಚೆ ನಿಮ್ಮಮ್ಮನ್ನ ಕರ್ಕೊಂಡು ಹೋಗು.”